ಅಜ್ಜನ ಕಾರಿಗೆ ಸ್ಕ್ಯಾನರ್ ತಂದದ್ದು

ನಮ್ಮ ಅಜ್ಜನ ಕಾರು ಅಜ್ಜ ಹೋದ ಮೇಲೆಯೂ ಹಾರ್ನ್ ಹೊಡೆಯುತ್ತಿತ್ತು. ಕಾಲೇಜಿನಲ್ಲಿ ಇದನ್ನು ಹೇಳುವಾಗ ನಾನು ‘ಸರಿಯಾಗಿ ರಾತ್ರಿ ಹನ್ನೆರಡಕ್ಕೆ’ ಎಂದು ಸೇರಿಸುತ್ತಿದ್ದೆ. ಒಮ್ಮೆ ಹೆಡ್‌ಲೈಟಿನಿಂದ ಕಣ್ಣೀರು ಇಳಿಸಿದ್ದೂ ಉಂಟು. ಕೇಳಿದ ಹುಡುಗಿಯೊಬ್ಬಳು ಎರಡು ದಿನ ಆಟೊ ಹತ್ತಲೇ ಇಲ್ಲ. ನಿಜ ಹೇಳಬೇಕೆಂದರೆ ಅದು ಹೊಡೆಯುತ್ತಿದ್ದುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಒಂದೇ ಸಲ, ಸಣ್ಣಕ್ಕೆ. ಹೇಳಿ ನಗಿಸುವುದಕ್ಕೆ ಅಷ್ಟು ಸಾಲುತ್ತಿರಲಿಲ್ಲ. ಮನೆಯಲ್ಲಿ ಕೂತು ಕೇಳುವವರಿಗೆ ಅಷ್ಟೇ ಬೇಕಾದಷ್ಟಾಗಿತ್ತು.

ಅಜ್ಜ ನೌಪಾಡಾದ ಒಂದು ಸಸ್ಯಾಹಾರಿ ಹೊಟೇಲಿನಲ್ಲಿ ಗಲ್ಲೆಯ ಮೇಲೆ, ದುಡ್ಡಿನ ಪೆಟ್ಟಿಗೆಯ ಹಿಂದೆ, ಕೂರುತ್ತಿದ್ದವರು. ಮಾಲೀಕರಲ್ಲ, ಆದರೆ ಕೂತ ಗತ್ತು ನೋಡಿದರೆ ಇಡೀ ಠಾಣೆ ಜಿಲ್ಲೆಯೇ ಅವರದ್ದು ಅನ್ನಿಸಬೇಕು. ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡಿ ನೇತಾಡಿ, ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಒಂದು ಸೆಕೆಂಡ್‌ಹ್ಯಾಂಡ್ ಚಿಕ್ಕ ಕಾರು ತೆಗೆದುಕೊಂಡರು. ಕೋಪರಿಯ ನಮ್ಮ ಮನೆಯಿಂದ ಹೊಟೇಲಿಗೆ ಸ್ಟೇಷನ್ನಿನ ಸೇತುವೆ ದಾಟಿ ನಡೆದರೆ ಬೇಗ ತಲುಪಬಹುದು. ಅಜ್ಜ ಕಾರಿನಲ್ಲಿ ಸುತ್ತು ಹಾಕಿ, ಟ್ರಾಫಿಕ್ಕಿನಲ್ಲಿ ಬೆಂದು, ನಡೆದವರಿಗಿಂತ ತಡವಾಗಿ ತಲುಪುತ್ತಿದ್ದರು. ಆಮೆಯೊಂದು ಇವರನ್ನು ಓವರ್‌ಟೇಕ್ ಮಾಡಿ ಹೋಗುವಾಗ ಕೈ ಬೀಸಿತ್ತು ಎಂದು ನಾನು ಸುದ್ದಿ ಹಬ್ಬಿಸಿದ್ದೆ.

ಸಂಜೆ ವಾಪಸು ಬಂದು ಗೇಟಿನ ಒಳಗೆ ತಿರುಗಿದ ಕೂಡಲೇ ಅವರು ಒಂದು ಸಣ್ಣ ಹಾರ್ನ್ ಹೊಡೆಯುತ್ತಿದ್ದರು. ‘ಪಿಪ್’ ಅಷ್ಟೆ. ಅದು ಅಜ್ಜಿಗೆ ಸೂಚನೆ, ಒಲೆಯ ಮೇಲೆ ಕಾವಲಿ ಇಡು ಅಂತ. ಊರಿಗೆಲ್ಲ ಮಸಾಲೆ ದೋಸೆ ತಿನ್ನಿಸಿ ಬಂದವರಿಗೆ ಮನೆಯ ನೀರುದೋಸೆಯೇ ಆಗಬೇಕು. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಜ್ಜ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಿಗೆ ಬರುವ ಹೊತ್ತಿಗೆ ಮೊದಲ ದೋಸೆ ಕಾವಲಿಯಿಂದ ಏಳುತ್ತಿತ್ತು.

ಅಜ್ಜ ಹೋದದ್ದು ಒಂದು ಮಧ್ಯಾಹ್ನ, ಗಲ್ಲೆಯಿಂದ ಕುಸಿದು, ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಆಕ್ಸಿಜನ್ ಹಾಕಿಸಿಕೊಂಡು. ಅಪ್ಪ ಆಫೀಸಿನಿಂದ ನೇರ ಅಲ್ಲಿಗೆ ಹೋಗಿದ್ದರು. ಮನೆಗೆ ಬಂದೇ ಅಜ್ಜಿಗೆ ಹೇಳೋಣ ಎಂದುಕೊಂಡಿದ್ದರು. ಅಷ್ಟರಲ್ಲಿ ಹೊಟೇಲಿನವರೊಬ್ಬರು ಕಾರನ್ನಾದರೂ ಮನೆಗೆ ಮುಟ್ಟಿಸೋಣ ಎಂದು ಓಡಿಸಿಕೊಂಡು ಬಂದು, ಗೇಟು ತೆಗೆಸಲು ಹಾರ್ನ್ ಒತ್ತಿದರು. ಉದ್ದಕ್ಕೆ. ಅಡುಗೆಮನೆಯಲ್ಲಿದ್ದ ಅಜ್ಜಿ ಕಾವಲಿಗೆ ಕೈ ಹಾಕಿದವರು ಹಾಗೇ ನಿಂತರು.

“ಇದಲ್ಲ,” ಎಂದರು.

“ಎಂತ ಅಲ್ಲ ಅಜ್ಜಿ? ನಮ್ಮ ಕಾರೇ,” ಎಂದೆ ಕಿಟಕಿಯಿಂದ ಬಗ್ಗಿ ನೋಡಿ.

“ಕಾರು ನಮ್ಮದೇ. ಹೊಡೆದದ್ದು ಅವ್ರಲ್ಲ.”

ಮತ್ತೆ ಗ್ಯಾಸ್ ಬಂದ್ ಮಾಡಿ, ಕೈ ಒರೆಸಿಕೊಂಡು, ಹೊರಗಿನ ಖುರ್ಚಿಯಲ್ಲಿ ಕೂತುಬಿಟ್ಟರು. ಅಪ್ಪ ಬಂದು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಕಾಗೆಯ ಕಥೆ ಅದಾದ ಮೇಲಿನದು. ಠಾಣೆ ಖಾಡಿಯ ಹಿನ್ನೀರಿನ ದಂಡೆಯಲ್ಲಿ ಪಿಂಡ ಇಟ್ಟ ದಿನ ಛತ್ರಿ ಹಿಡಿಯುವ ಕೆಲಸಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಠಾಣೆಯಲ್ಲಿ ಬೇಕಾದಷ್ಟು ಪಾರಿವಾಳ ಬಂದವು. ಕಾಗೆ ಒಂದೇ ಒಂದು, ದೂರದ ಕಂಬದ ಮೇಲೆ, ಸಹಿ ಹಾಕದ ಸರ್ಕಾರಿ ಆಫೀಸರನ ಹಾಗೆ ಕೂತಿತ್ತು.

“ಎಂತಾದ್ರೂ ಆಸೆ ಇತ್ತಾ ಅವ್ರಿಗೆ? ನಡೆಸಿ ಕೊಡ್ತೇವೆ ಅಂತ ಹೇಳಿ,” ಎಂದು ಭಟ್ಟರು ವಾಚ್ ನೋಡಿಕೊಂಡರು. “ನಂಗೆ ಹನ್ನೆರಡಕ್ಕೆ ಡೊಂಬಿವಲಿಯಲ್ಲಿ ಇನ್ನೊಂದುಂಟು.”

ಅಪ್ಪ ಕೈ ಮುಗಿದರು. “ಅಮ್ಮನನ್ನ ಚೆಂದ ನೋಡ್ಕೊಳ್ತೇನೆ ಅಪ್ಪಯ್ಯ.” ಕಾಗೆ ಅಲ್ಲಾಡಲಿಲ್ಲ. “ಮಗಳನ್ನ ಇಂಜಿನಿಯರ್ ಮಾಡ್ತೇನೆ.” ಕಾಗೆ ನನ್ನ ಕಡೆ ಒಮ್ಮೆ ನೋಡಿ ಮುಖ ಆಚೆ ತಿರುಗಿಸಿತು. ಇದರಲ್ಲಿ ಒಂದಕ್ಷರವೂ ನಾನು ಸೇರಿಸಿದ್ದಲ್ಲ. ಬಿಸಿಲು ನೆತ್ತಿಗೇರಿತ್ತು, ಭಟ್ಟರು ಚೀಲ ಕಟ್ಟತೊಡಗಿದ್ದರು. ಅಪ್ಪ ಗಾಬರಿಯಲ್ಲಿ ಕೂಗಿಯೇಬಿಟ್ಟರು. “ಕಾರು ಮಾರುದಿಲ್ಲ ಅಪ್ಪಯ್ಯ! ನಾನೇ ಓಡಿಸ್ತೇನೆ!”

ಕಾಗೆ ಇಳಿದು ಬಂತು.

ಅಪ್ಪನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ನವಿ ಮುಂಬಯಿಯ ಆಫೀಸಿಗೆ ಟ್ರೇನಿನಲ್ಲಿ ಹೋಗಿ ಟ್ರೇನಿನಲ್ಲಿ ಬರುವ ಪ್ರಾಣಿ ಅವರು. ಮನೆಗೆ ಬಂದು ಇಡೀ ಪ್ರಸಂಗವನ್ನು ನಾನು ಅಜ್ಜಿಗೆ ಅಭಿನಯಿಸಿ ತೋರಿಸಿದೆ. ಭಟ್ಟರು, ಅಪ್ಪ, ಪಾರಿವಾಳ, ಕಾಗೆ, ಎಲ್ಲ ನಾನೇ. ಸೋಫಾದ ಕೈ ಮೇಲಿನಿಂದ ರೆಕ್ಕೆ ಬಡಿದು ಇಳಿದದ್ದಕ್ಕೆ ಅಮ್ಮ ಕೂಡ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕರು. ಅಜ್ಜಿ ನಗಲಿಲ್ಲ.

“ಹಾಗಾದ್ರೆ ಅವ್ರು ಕಾರಿನಲ್ಲೇ ಉಂಟು,” ಎಂದರು.

ಅಲ್ಲಿಂದ ಎಲೆ ಶುರುವಾಯಿತು. ಮೊದಲು ಅಮಾವಾಸ್ಯೆಗೆ ಮಾತ್ರ. ಬಾಳೆಲೆಯ ಒಂದು ತುಂಡಿನ ಮೇಲೆ ಒಂದು ನೀರುದೋಸೆ, ಸ್ವಲ್ಪ ಕಾಯಿ ಬೆಲ್ಲ. ಕಟ್ಟಡದ ಟೆರೇಸಿಗೆ ಸೊಸೈಟಿಯವರು ಬೀಗ ಹಾಕಿದ್ದರು, ಹಾಗಾಗಿ ಪಾರ್ಕಿಂಗಿನಲ್ಲೇ, ಕಾರಿನ ಮೂತಿಯ ಕೆಳಗೆ, ಯಾರೂ ತುಳಿಯದ ಹಾಗೆ ಎಡಮೂಲೆಗೆ ಸರಿಸಿ ಇಟ್ಟರು. ಬೆಳಿಗ್ಗೆ ನೋಡಿದರೆ ಎಲೆ ಖಾಲಿ. ತೊಳೆದಿಟ್ಟ ಹಾಗೆ ಖಾಲಿ. ಅಜ್ಜಿ ಆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ತಂದು ನಮಗೆ ತೋರಿಸಿದರು. ಮರುದಿನದಿಂದ ಪ್ರತಿ ಸಂಜೆಯೂ ಇಟ್ಟರು. ಇದು ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಅಪ್ಪ ಹೇಳಿದರೆ, “ಶಾಸ್ತ್ರಕ್ಕೆ ಹಸಿವಾಗ್ತದಾ?” ಎಂದು ಕೇಳಿದರು. ಅಷ್ಟು ದಿನ ಸರಿಯಾಗಿ ಉಣ್ಣದಿದ್ದ ಅಜ್ಜಿ ಈಗ ಎಲೆ ಇಟ್ಟು ಬಂದ ಮೇಲೆ ತಾವೂ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದರು.

ಕೆಲವು ವಾರ ಕಳೆದು, ಒಂದು ಸಂಜೆ, ಅಜ್ಜಿ ಎಲೆ ಇಟ್ಟು ಮೇಲೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿರುವಾಗ ಕೆಳಗಿನಿಂದ ಬಂತು. ಪಿಪ್.

ನಾನು ಕಿಟಕಿಗೆ ಓಡಿದೆ. ಕಾರಿನಲ್ಲಿ ಯಾರೂ ಇಲ್ಲ, ಬಾಗಿಲಿಗೆ ಬೀಗ, ಕೀ ನಮ್ಮ ದೇವರ ಕೋಣೆಯ ಮೊಳೆಯಲ್ಲಿ. ಕೆಳಗೆ ವಾಚ್‌ಮನ್ ಸ್ಟೂಲಿನಿಂದ ಎದ್ದು ನಿಂತು ಸಲಾಮು ಹೊಡೆದಿದ್ದ. ಹೊಡೆದ ಕೈಯನ್ನು ಇಳಿಸಲು ಮರೆತಿದ್ದ.

“ದೀದೀ, ಬಾಬೂಜೀ ಆ ಗಯೇ ಕ್ಯಾ?” ಎಂದು ಮೇಲೆ ನೋಡಿ ಕೇಳಿದ, ಅಜ್ಜ ಬಂದುಬಿಟ್ಟರಾ ಅಂತ.

ಒಳಗಿನಿಂದ ಲೈಟರಿನ ಸದ್ದು ಕೇಳಿಸಿತು. ಅಜ್ಜಿ ಕಾವಲಿ ಇಟ್ಟಿದ್ದರು.

ಮತ್ತೆ ದಿನಾ ಅಲ್ಲ, ಆದರೆ ಆಗಾಗ. ಒಮ್ಮೊಮ್ಮೆ ಕಾರಿನ ಒಳಗಿನ ರೇಡಿಯೇಟರ್ ಫ್ಯಾನು ತಾನಾಗಿ ತಿರುಗುತ್ತಿತ್ತು, ಯಾರೋ ಮೆಟ್ಟಿಲು ಹತ್ತಿ ಬಂದು ಉಸಿರು ಬಿಡುವ ಹಾಗೆ. ಹಗಲು ಕಾಲೇಜಿನಲ್ಲಿ ಇದಕ್ಕೆ ಬಾಲ ಕೊಂಬು ಹಚ್ಚುತ್ತಿದ್ದ ನಾನು ಸಂಜೆ ಟ್ಯೂಷನ್ನಿನಿಂದ ಬರುವಾಗ ಪಾರ್ಕಿಂಗಿನ ಕಡೆ ನೋಡದೆ, ಮೆಟ್ಟಿಲಿನ ಮೇಲೆ ಕಾಲೇ ತಾಗದ ಹಾಗೆ ಹತ್ತುತ್ತಿದ್ದೆ. ಒಂದು ಭಾನುವಾರ ಬ್ಯಾಟರಿ ಸತ್ತುಹೋಗದಿರಲಿ ಎಂದು ಕೀ ತಿರುಗಿಸಿದಾಗ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಇಂಜಿನ್ ಚಾಲೂ ಆದ ಮೇಲೂ ಆರಲಿಲ್ಲ.

ಅಪ್ಪನಿಗೆ ಅದು ಸಾಕಾಯಿತು. “ಅಮ್ಮ, ಇದನ್ನ ಕೊಟ್ಟುಬಿಡುವ. ಕಲ್ಯಾಣದಲ್ಲಿ ಒಬ್ಬ ಕೇಳ್ತಿದ್ದಾನೆ. ಆ ಲೈಟ್ ಆರ್ಸಿದ್ರೆ ತಕೊಂಡು ಹೋಗ್ತಾನಂತೆ.”

“ಮಾತು ಕೊಟ್ಟದ್ದು ಯಾರು? ನಾನಾ?” ಅಜ್ಜಿ ತಲೆ ಎತ್ತದೆ ಬತ್ತಿ ಹೊಸೆಯುತ್ತಿದ್ದರು. “ದಿನಾ ಬಂದು ಉಂಡು ಹೋಗ್ತಿದ್ದಾರೆ. ಉಣ್ಣುವವರನ್ನ ಎಲೆ ಎದುರಿಂದ ಎಬ್ಬಿಸ್ಲಿಕ್ಕುಂಟಾ ಮಾಣಿ?”

ನಲವತ್ತೆಂಟರ ಅಪ್ಪ ಮಾಣಿ ಎನ್ನಿಸಿಕೊಂಡು ಬಾಯಿ ಮುಚ್ಚಿದರು. ಆದರೆ ಮನಸ್ಸು ಬದಲಿಸಲಿಲ್ಲ. ಕಾರು ಹೋದರೆ ಅಜ್ಜಿಗೆ ಅಜ್ಜ ಎರಡನೇ ಸಲ ಹೋದ ಹಾಗೆ. ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಅಮ್ಮ ಯಾರ ಪಕ್ಷಕ್ಕೂ ಸೇರದೆ ಎರಡೂ ಕಡೆಗೆ ಚಹಾ ಸರಬರಾಜು ಮಾಡಿದರು.

ಮಾಜಿವಾಡಾದ ಒಂದು ಗ್ಯಾರೇಜಿನವನು ಬಂದು ಬಾನೆಟ್ ತೆಗೆಯದೆಯೇ “ಕಂಪ್ಯೂಟರ್ ಗಯಾ” ಎಂದ, ಕಾರಿನ ಒಳಗಿನ ಕಂಪ್ಯೂಟರೇ ಹೋಯಿತಂತೆ. ಇನ್ನೊಬ್ಬ, ಸೆನ್ಸರ್ ಎಂದ. ಎಷ್ಟು ಸೆನ್ಸರ್ ಎಂದರೆ, ಇರುವಷ್ಟೂ ಎಂದ. ಆಗ ನಾನು ಎದ್ದು ನಿಂತು, ಕಾರು ತಾನೇ ಕಾಯಿಲೆ ಹೇಳಿಕೊಳ್ಳುತ್ತದೆ, ಕೇಳಿಸಿಕೊಳ್ಳುವ ಯಂತ್ರ ಒಂದು ಬರುತ್ತದೆ, ಸ್ಟಿಯರಿಂಗಿನ ಕೆಳಗೆ ಅದಕ್ಕೊಂದು ಜಾಗವೇ ಇದೆ, ಗ್ಯಾರೇಜಿನವರು ಒಂದು ಸಲ ನೋಡುವುದಕ್ಕೆ ಕೇಳುವ ದುಡ್ಡಿನಲ್ಲಿ ಸ್ವಂತದ್ದೇ ತರಬಹುದು ಎಂದು ಭಾಷಣ ಬಿಗಿದೆ. ಹನ್ನೊಂದನೇ ಕ್ಲಾಸಿನ ಫಿಸಿಕ್ಸಿನಲ್ಲಿ ಆಗಷ್ಟೇ ಜಸ್ಟ್ ಪಾಸ್ ಆದವಳು ನಾನು. ಇಂಟರ್ನೆಟ್ಟಿನಲ್ಲಿ ಎರಡು ಸಂಜೆ ಓದಿದ್ದನ್ನು ಇಪ್ಪತ್ತು ವರ್ಷದ ಅನುಭವದ ಹಾಗೆ ಒಪ್ಪಿಸಿದೆ.

ವಿಚಿತ್ರವೆಂದರೆ ಅಪ್ಪ, ಅಜ್ಜಿ ಇಬ್ಬರೂ ಒಪ್ಪಿದರು. ಷರತ್ತು ಮಾತ್ರ ಬೇರೆ ಬೇರೆ.

“ಅಳಿಸುವ ಬಟನ್ ಇರ್ಬೇಕು,” ಎಂದರು ಅಪ್ಪ. “ಲೈಟ್ ಆರ್ಸ್ಲಿಕ್ಕೆ ಆಗದ್ದನ್ನ ತಂದು ಎಂತ ಪೂಜೆ ಮಾಡುದಾ?”

ಅಪ್ಪ ಸ್ನಾನಕ್ಕೆ ಹೋದ ಮೇಲೆ ಅಜ್ಜಿ ನನ್ನ ಕೈ ಹಿಡಿದರು. “ಅಳಿಸುವ ಬಟನ್ ಇದ್ದದ್ದು ತರ್ಬೇಡ ಮಗಾ. ಅವ್ರು ಎಂತದೋ ಹೇಳ್ಲಿಕ್ಕೆ ನೋಡ್ತಾ ಇದ್ದಾರೆ. ಪೂರ್ತಿ ಕೇಳದೆ ಅಳಿಸುದಾ?”

ಹೀಗೆ ಅಳಿಸಲು ಬರುವ, ಅಳಿಸಲು ಬಾರದ, ಅಗ್ಗದ ಸ್ಕ್ಯಾನರ್ ಹುಡುಕಿಕೊಂಡು ನಾನು ಹೊರಟೆ. ಡೊಂಬಿವಲಿಯಲ್ಲಿರುವ ಕ್ಲಾಸ್‌ಮೇಟ್ ಒಬ್ಬಳ ಅಣ್ಣನ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ನೀಲಿ ಡಬ್ಬಿ ಇತ್ತು, ಬ್ಲೂಟೂತಿನಲ್ಲಿ ಮೊಬೈಲಿಗೆ ಹೇಳುವಂಥದ್ದು. ಎಲ್ಲಕ್ಕಿಂತ ಅಗ್ಗ ಅದೇ. ತಂದು ಕಾರಿಗೆ ಸಿಕ್ಕಿಸಿದರೆ ‘ಸಂಪರ್ಕ ಸಿಗುತ್ತಿಲ್ಲ’ ಎಂದು ತೋರಿಸುತ್ತಲೇ ಇತ್ತು. ಕಾರುಗಳಲ್ಲೂ ಬೇರೆ ಬೇರೆ ಭಾಷೆಗಳಿವೆಯಂತೆ. ಅಗ್ಗದ ನಕಲಿ ಡಬ್ಬಿಗಳಿಗೆ ಹೊಸ ಕಾರುಗಳ ಭಾಷೆ ಮಾತ್ರ ಬರುತ್ತದೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವ ನಮ್ಮ ಕಟ್ಟಡದ ಮಕ್ಕಳ ಹಾಗೆ. ವಾಶಿಯ ಅಂಗಡಿಯಲ್ಲಿ ಗ್ಯಾರೇಜಿನವರು ಇಟ್ಟುಕೊಳ್ಳುವ ದೊಡ್ಡ ಸ್ಕ್ರೀನಿನದ್ದು ತೋರಿಸಿದರು. ಅದರ ರೇಟು ಕೇಳಿ, ಅದನ್ನು ಕೊಂಡವರಿಗೆ ನಮ್ಮ ಕಾರನ್ನು ಪುಕ್ಕಟೆ ಕೊಡಬಹುದು ಎನ್ನಿಸಿತು. ಕಡೆಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಿತು. ಕೈಗೆ ಹಿಡಿಸುವಷ್ಟು, ದಪ್ಪ ವಯರಿನದ್ದು, ಸಣ್ಣ ಸ್ಕ್ರೀನು. ಮೊಬೈಲ್ ಬೇಡ, ಸೆಲ್ ಬೇಡ, ಕರೆಂಟನ್ನು ಕಾರಿನಿಂದಲೇ ತೆಗೆದುಕೊಳ್ಳುತ್ತದೆ. ಹಳೆಯ ಕಾರಿನ ಭಾಷೆಗಳೂ ಬರುತ್ತವೆ. ಇಂಜಿನ್ ಎಷ್ಟು ಬಿಸಿ, ಎಷ್ಟು ಸುತ್ತು ಎಂದು ಆಗಿಂದಾಗಲೇ ತೋರಿಸುತ್ತದೆ.

“ಅಳಿಸುವಾಗ ಕೇಳ್ತದಾ?” ಎಂದು ಹಿಂದಿಯಲ್ಲಿ ವಿಚಾರಿಸಿದೆ.

ಅಂಗಡಿಯವನು ಜೀವಮಾನದಲ್ಲಿ ಇಂಥ ಗಿರಾಕಿಯನ್ನು ನೋಡಿರಲಿಲ್ಲ. ಅಂಗಡಿಯ ಮುಂದೆ ನಿಂತಿದ್ದ ಒಂದು ಗಾಡಿಗೆ ಸಿಕ್ಕಿಸಿ ಒತ್ತಿ ತೋರಿಸಿದ. ಅಳಿಸಲೇ ಎಂದು ಕೇಳುತ್ತದೆ, ಹೌದು ಅಂದರೆ ಮಾತ್ರ ಅಳಿಸುತ್ತದೆ. ಗಾಡಿಗೆ ಹಾಕಿ ನೋಡು, ಹೊಂದದಿದ್ದರೆ ವಾಪಸು ತಾ ಎಂದ. ಮನೆಗೆ ಬಂದು ಅಜ್ಜಿಗೆ ನಾನು ಮಾತು ಕೊಟ್ಟೆ, ನೀವು ಹೌದು ಅನ್ನುವವರೆಗೆ ಇದು ಅಳಿಸುವುದಿಲ್ಲ ಎಂದು. ಅಪ್ಪನಿಗೆ ಬಟನ್ ತೋರಿಸಿದೆ. ರಾಜಕೀಯಕ್ಕೆ ಸೇರಿದ್ದರೆ ನಾನು ಇಷ್ಟು ಹೊತ್ತಿಗೆ ಎಲ್ಲೋ ಇರುತ್ತಿದ್ದೆ.

ಮೊದಲ ಸಲ ಸಿಕ್ಕಿಸಿದಾಗ ಅಜ್ಜಿ ಪಕ್ಕದ ಸೀಟಿನಲ್ಲಿ, ಯಾವಾಗಲೂ ತಾವು ಕೂರುತ್ತಿದ್ದ ಜಾಗದಲ್ಲಿ, ಕೈ ಕಟ್ಟಿ ಕೂತಿದ್ದರು. ಸ್ಕ್ರೀನಿನ ಮೇಲೆ ಒಂದು ಕೋಡು ಬಂತು, ಒಂದು ಅಕ್ಷರ, ನಾಲ್ಕು ಅಂಕಿ. ಪುಸ್ತಿಕೆ ನೋಡಿ ಓದಿದೆ. “ಆಕ್ಸಿಜನ್ ಸೆನ್ಸರ್. ಅದರ ಹೀಟರಿನ ತಂತಿಯಲ್ಲಿ ತೊಂದರೆ.”

ಅಜ್ಜಿ ಆಕ್ಸಿಜನ್ ಅನ್ನುವುದನ್ನು ಮಾತ್ರ ಹಿಡಿದುಕೊಂಡರು. “ಆಸ್ಪತ್ರೆಯಲ್ಲೂ ಅದನ್ನೇ ಹಾಕಿದ್ರಲ್ಲ,” ಎಂದರು. “ಇನ್ನೂ ಉಸಿರು ಸರಿ ಆಗ್ಲಿಲ್ಲ ಅಂತಾಯ್ತು.”

ಇದು ಸೈಲೆನ್ಸರಿನ ಕಡೆಯ ಒಂದು ಸಾಮಾನು ಅಜ್ಜಿ ಎಂದು ವಿವರಿಸಲು ಬಾಯಿ ತೆರೆದೆ. ಆಗಲೇ ಮುಂದೆ ಫ್ಯಾನು ತಿರುಗಿತು. ಉಸ್ ಎಂದು.

ಅಳಿಸದೆ ಬಿಟ್ಟದ್ದರಿಂದ ಒಂದು ಒಳ್ಳೆಯದಾಯಿತು. ಮುಂದಿನ ವಾರ ಸಿಕ್ಕಿಸಿದಾಗ ಮೊದಲನೆಯದರ ಜೊತೆಗೆ ಎರಡನೆಯದು ಸೇರಿತ್ತು. ಅದು ಇಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನದ್ದು. ಅದರ ಮುಂದಿನ ವಾರಕ್ಕೆ ಮೂರನೆಯದು, ಒಳಗೆ ಹೋಗುವ ಗಾಳಿಯದ್ದು.

“ಮಾತು ಹೆಚ್ಚಾಗ್ತಾ ಉಂಟು,” ಎಂದರು ಅಜ್ಜಿ.

ಮೂರನೆಯದು ಬಂದ ದಿನ ನಾನು ದೊಡ್ಡ ಮೆಕ್ಯಾನಿಕ್ಕಿನ ಗತ್ತಿನಲ್ಲಿ ಇಂಜಿನ್ ಚಾಲೂ ಮಾಡಿ, ಬಿಸಿ ಎಷ್ಟಿದೆ ಎಂದು ತೋರಿಸುವ ಪುಟಕ್ಕೆ ಹೋದೆ. ಮೇ ತಿಂಗಳು. ಪಾರ್ಕಿಂಗಿನ ಗೋಡೆಯೇ ಬೆವರುತ್ತಿತ್ತು. ಸ್ಕ್ರೀನಿನ ಮೇಲೆ ಬಂದದ್ದು ಮೈನಸ್ ನಲವತ್ತು.

ಆಫ್ ಮಾಡಿ ಮತ್ತೆ ಹಾಕಿದೆ. ಮೈನಸ್ ನಲವತ್ತು.

“ಎಷ್ಟಂತೆ?” ಅಜ್ಜಿ ಬಗ್ಗಿ ನೋಡಿದರು.

“ಮೈನಸ್ ನಲವತ್ತು.” ಸ್ಕ್ಯಾನರನ್ನು ಅವರ ಕಡೆ ತಿರುಗಿಸಿದೆ. “ಅಂದ್ರೆ ಐಸಿಗಿಂತ ಎಷ್ಟೋ ಕೆಳಗೆ.”

ಅಜ್ಜಿ ಸ್ಕ್ರೀನನ್ನೇ ನೋಡಿದರು. ಅಜ್ಜನನ್ನು ಮನೆಗೆ ತಂದಾಗ ಆಸ್ಪತ್ರೆಯ ಐಸ್ ಪೆಟ್ಟಿಗೆಯಲ್ಲಿ ಇಟ್ಟು ತಂದಿದ್ದರು. ಅಜ್ಜಿ ಅವರ ಕೆನ್ನೆ ಮುಟ್ಟಿ ತಟ್ಟನೆ ಕೈ ಹಿಂದೆ ತೆಗೆದುಕೊಂಡದ್ದು ನನಗೆ ನೆನಪಾಯಿತು. ಅವರಿಗೂ ಅದೇ ನೆನಪಾಗಿರಬೇಕು.

“ಅಷ್ಟು ಚಳಿಯಾ ಅಲ್ಲಿ?” ಎಂದು ಕೇಳಿದರು.

ನಾನು ಇಂಜಿನ್ ಬಂದ್ ಮಾಡಿದೆ. ಸಂಜೆ ಅಜ್ಜಿ ಎಲೆಯ ಜೊತೆ ಅಜ್ಜನ ಹಳೆಯ ಶಾಲನ್ನೂ ಕೆಳಗೆ ಒಯ್ದು ಡ್ರೈವರ್ ಸೀಟಿಗೆ ಹೊದಿಸಿ ಬಂದರು. ಸೀಟಿನ ಬೆನ್ನಿಗೆ ಶಾಲು ಹೊದಿಸಿದ್ದು ಕಿಟಕಿಯಿಂದ ನೋಡಿದರೆ ಯಾರೋ ತಲೆ ತಗ್ಗಿಸಿ ಕೂತ ಹಾಗೇ ಕಾಣಿಸುತ್ತಿತ್ತು. ವಾಚ್‌ಮನ್ ತನ್ನ ಸ್ಟೂಲನ್ನು ಗೇಟಿನ ಆಚೆಗೆ ಎಳೆದುಕೊಂಡ.

ಮೈನಸ್ ನಲವತ್ತರ ಅರ್ಥ ಸಿಕ್ಕಿದ್ದು ಮರುದಿನ, ಇಂಟರ್ನೆಟ್ಟಿನಲ್ಲೇ. ಸೆನ್ಸರಿನ ತಂತಿ ತುಂಡಾದರೆ ಸ್ಕ್ಯಾನರ್ ತೋರಿಸುವುದು ಅದನ್ನೇ. ಚಳಿಯಲ್ಲ, ಆ ಕಡೆಯಿಂದ ಯಾರೂ ಮಾತಾಡುತ್ತಿಲ್ಲ ಎಂದು ಅರ್ಥ. ಆಮೇಲೆ ಮೂರು ಕೋಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೂರು ಬೇರೆ ಬೇರೆ ಸೆನ್ಸರ್ ಒಟ್ಟಿಗೆ ಕೆಡುವುದಿಲ್ಲ. ಮೂರರ ತಂತಿಗಳೂ ಒಂದೇ ಕಡೆಯಿಂದ ಹಾದು ಹೋಗಿರಬೇಕು. ಹಾರ್ನಿನದ್ದೂ, ಫ್ಯಾನಿನದ್ದೂ ಅಲ್ಲೇ. ಕೆಳಗಿಳಿದು ಬಾನೆಟ್ ಎತ್ತಿದೆ. ಕಾರಿನ ಎಡಮೂಲೆ, ಹೆಡ್‌ಲೈಟಿನ ಹಿಂದೆ. ಸರಿಯಾಗಿ ಅಜ್ಜಿ ಎಲೆ ಇಡುವ ಜಾಗದ ಮೇಲೆ.

ಅಪ್ಪನನ್ನೂ ಅಜ್ಜಿಯನ್ನೂ ಕೂಗಿ ಕರೆದೆ. ಅಷ್ಟು ದೊಡ್ಡ ಶೋಧಕ್ಕೆ ಪ್ರೇಕ್ಷಕರು ಬೇಡವೇ?

ಒಣಗಿದ ಬಾಳೆಲೆಯ ಸಿಗಿದ ಎಳೆಗಳು, ತೆಂಗಿನ ನಾರು, ಸ್ಪಂಜಿನ ಚೂರು, ತಂತಿಯ ಮೇಲಿನ ಬಣ್ಣಬಣ್ಣದ ಪ್ಲಾಸ್ಟಿಕ್ ಪುಡಿ, ಎಲ್ಲ ಸೇರಿಸಿ ಮೆತ್ತಗೆ ಒಂದು ಗೂಡು. ಅಂಚಿನಲ್ಲಿ ಒಣಗಿ ಗಟ್ಟಿಯಾದ ದೋಸೆಯ ತುಂಡು. ನಡುವೆ ಬೆರಳಿನ ತುದಿಯಷ್ಟು ದೊಡ್ಡ, ಕಣ್ಣು ಬಿಡದ ಗುಲಾಬಿ ಮರಿಗಳು. ಸುತ್ತ ತಾಮ್ರ ಹೊಳೆಯುವ ಹಾಗೆ ಕಡಿದ ತಂತಿಗಳು.

“ಇಲಿ!” ಅಪ್ಪ ಎರಡು ಹೆಜ್ಜೆ ಹಿಂದೆ ಹಾರಿದರು.

“ಈಗ ನೋಡಿ,” ಎಂದು ನಾನು ಮ್ಯಾಜಿಕ್ ಮಾಡುವವರ ಹಾಗೆ ಒಂದು ಒಣ ಕಡ್ಡಿ ಎತ್ತಿಕೊಂಡು, ಚರ್ಮ ಸುಲಿದ ಒಂದು ತಂತಿಯನ್ನು ಮೆಲ್ಲಗೆ ಕಾರಿನ ಮೈಗೆ ತಾಗಿಸಿದೆ.

ಪಿಪ್.

“ನೋಡಿದ್ರಾ ಅಜ್ಜಿ? ನೀವು ಎಲೆ ಇಡುದು, ಇವು ಬರುದು, ಬರುವಾಗ ತಂತಿ ತುಳಿಯುದು,” ಎಂದು ಮತ್ತೆ ತಾಗಿಸಿದೆ. ಪಿಪ್.

“ಸಾಕು,” ಎಂದರು ಅಜ್ಜಿ.

ಮರಿಗಳನ್ನು ತುಂಬ ಹೊತ್ತು ನೋಡಿದರು. ಸೆರಗಿನ ತುದಿ ಕೈಯಲ್ಲಿ ಮುದುಡಿತ್ತು. ಮತ್ತೆ ಅಪ್ಪನ ಕಡೆಗೂ ಅಲ್ಲ, ನನ್ನ ಕಡೆಗೂ ಅಲ್ಲ, ಬಾನೆಟ್ಟಿನ ಒಳಗೇ ಬಗ್ಗಿ ಕೇಳಿದರು. “ಹಾಗಾದ್ರೆ ಅವ್ರು ಒಂದು ದಿನವೂ ಉಣ್ಲಿಲ್ಲ ಅಲ್ವಾ?”

ಆ ಸಂಜೆ ಎಲೆ ಇಳಿಯಲಿಲ್ಲ. ಮರುದಿನವೂ ಇಲ್ಲ. ವಾಚ್‌ಮನ್ ಗೂಡನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಖಾಡಿಯ ಕಡೆ ಬಿಟ್ಟು ಬಂದ. ವಯರಿಂಗಿನವನು ಬಂದು ತಂತಿಗಳನ್ನು ಬೆಸೆದು ಟೇಪು ಸುತ್ತಿದ. ಹಾರ್ನ್ ಸುಮ್ಮನಾಯಿತು, ಫ್ಯಾನು ಸುಮ್ಮನಾಯಿತು, ಸ್ಕ್ಯಾನರಿನಲ್ಲಿ ಇಂಜಿನ್ ಮನುಷ್ಯರು ಬದುಕಬಹುದಾದ ಬಿಸಿಗೆ ಬಂತು. ಅಜ್ಜಿ ಮತ್ತೆ ಎರಡು ತುತ್ತಿಗೇ ಏಳತೊಡಗಿದರು. ಸಂಜೆಯಾದರೆ ಮನೆಯಲ್ಲಿ ಕುಕ್ಕರ್ ಕೂಗಿದರೂ ನಾವೆಲ್ಲ ಬೆಚ್ಚಿ ಕೆಳಗೆ ನೋಡುತ್ತಿದ್ದೆವು. ಹಾರ್ನ್ ಹೊಡೆಯುವಾಗ ಇದ್ದದ್ದಕ್ಕಿಂತ ಹೊಡೆಯದಿರುವಾಗ ಹೆಚ್ಚು ಹೆದರಿಕೆಯಾಗುತ್ತಿತ್ತು. ಈ ಭಾಗವನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ.

ಹಳದಿ ದೀಪ ಮಾತ್ರ ಉಳಿದಿತ್ತು. ತಂತಿ ಸರಿಯಾದರೂ ಹಳೆಯ ಕೋಡುಗಳನ್ನು ಅಳಿಸುವವರೆಗೆ, ಇಲ್ಲವೇ ಗಾಡಿ ಕೆಲವು ದಿನ ಓಡುವವರೆಗೆ ಅದು ಆರುವುದಿಲ್ಲ. ಓಡಿಸುವವರು ಮನೆಯಲ್ಲಿ ಇಲ್ಲ. ಕಲ್ಯಾಣದವನು ಭಾನುವಾರ ಬರುತ್ತೇನೆಂದು ಅಪ್ಪನಿಗೆ ಫೋನು ಮಾಡಿದ. ಅಪ್ಪ ನನ್ನ ಮುಖ ನೋಡಿದರು. ನಾನು, ಅಜ್ಜಿ ಹೌದು ಅನ್ನಬೇಕು ಎಂದೆ.

ಭಾನುವಾರ ಬೆಳಿಗ್ಗೆ ಅವನು ಬಂದು ಟೈರು ಒದ್ದು, ಬಾಗಿಲು ಬಡಿದು ನೋಡುತ್ತಿದ್ದ. ನಾನು ಸ್ಕ್ಯಾನರ್ ಸಿಕ್ಕಿಸಿಕೊಂಡು ಸ್ಟಿಯರಿಂಗಿನ ಹಿಂದೆ ಕೂತಿದ್ದೆ, ‘ಅಳಿಸಲೇ?’ ಎಂಬ ಪ್ರಶ್ನೆ ತೆರೆದಿಟ್ಟುಕೊಂಡು. ಅಜ್ಜಿ ಮೆಟ್ಟಿಲಿಳಿದು ಬಂದರು. ಸೀಟಿನ ಶಾಲನ್ನು ತೆಗೆದು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಕೂತರು.

“ಎಲ್ಲಿ ಒತ್ತುದು?”

“ಅಮ್ಮ, ಯೋಚನೆ ಮಾಡಿದ್ಯಾ?” ಮಾರಬೇಕೆಂದು ಹಟ ಹಿಡಿದಿದ್ದ ಅಪ್ಪನೇ ಕಿಟಕಿಯ ಹತ್ತಿರ ಬಂದು ಕೇಳಿದರು. “ಕಾಗೆಗೆ ಮಾತು ಕೊಟ್ಟದ್ದು...”

“ಕಾಗೆಗೆ ನಾನು ಹೇಳ್ತೇನೆ. ಇದ್ರಲ್ಲಿ ಅವ್ರಿಲ್ಲ ಮಾಣಿ. ಇದ್ದಿದ್ರೆ ಹಸಿವೆ ಅಂತ ಒಂದು ಸಲ ಹೇಳ್ತಿರ್ಲಿಲ್ವಾ?”

ನಾನು ಬಟನ್ ತೋರಿಸಿದೆ. ಅಜ್ಜಿ ಒತ್ತಿದರು. ಹಳದಿ ದೀಪ ಆರಿತು. ಅವರು ಡ್ಯಾಶ್‌ಬೋರ್ಡನ್ನು ಒಮ್ಮೆ ಅಂಗೈಯಿಂದ ಸವರಿ ಇಳಿದರು.

ಕಲ್ಯಾಣದವನು ಹತ್ತಿ ಕೂತು ಮೊದಲು ಮಾಡಿದ ಕೆಲಸ ಹಾರ್ನ್ ಪರೀಕ್ಷೆ. ಪೇಂ ಎಂದು ಉದ್ದಕ್ಕೆ ಒತ್ತಿದ. ಅಜ್ಜಿ ಕೈ ಅಡ್ಡ ಮಾಡಿದರು. ಅವರ ಹಿಂದಿ ಮೂವತ್ತು ವರ್ಷದಿಂದ ತರಕಾರಿಯವನಿಗೆ ಮಾತ್ರ ಅರ್ಥವಾಗುವಂಥದ್ದು. “ಇತ್ನಾ ಲಂಬಾ ನಹೀ. ಛೋಟಾ. ಏಕ್ ಬಾರ್.”

ಅವನು ಅಪ್ಪನ ಮುಖ ನೋಡಿ, ಒಮ್ಮೆ ಸಣ್ಣಕ್ಕೆ ಒತ್ತಿದ. ಅಜ್ಜಿ ಕೇಳಿಸಿಕೊಂಡರು. ತಲೆ ಅಲ್ಲಾಡಿಸಿ, ಶಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಕಾರು ಗೇಟು ದಾಟಿ ಸ್ಟೇಷನ್ ರಸ್ತೆಗೆ ತಿರುಗಿತು.

ಸ್ಕ್ಯಾನರ್ ಈಗಲೂ ನನ್ನ ಹತ್ತಿರ ಇದೆ. ಬಿಲ್ಡಿಂಗಿನ ಅರ್ಧ ಕಾರುಗಳ ಗುಟ್ಟು ನನಗೆ ಗೊತ್ತು, ಪಾರ್ಕಿಂಗಿನಲ್ಲಿ ನನ್ನನ್ನು ಡಾಕ್ಟರ್ ಎಂದು ಕರೆಯುತ್ತಾರೆ. ಆ ಹೆಸರು ಇಟ್ಟದ್ದು ನಾನೇ. ನಮ್ಮ ಜಾಗದಲ್ಲಿ ಈಗ ಯಾರದ್ದೋ ಸ್ಕೂಟರ್ ನಿಲ್ಲುತ್ತದೆ. ಅಜ್ಜಿ ಎಲೆಯನ್ನು ಅಡುಗೆಮನೆಯ ಕಿಟಕಿಯ ಕಟ್ಟೆಗೆ ಸಾಗಿಸಿದ್ದಾರೆ, ಬೆಳಿಗ್ಗೆ ಹೊತ್ತು, ಕಣ್ಣೆದುರಿಗೇ ಕಾಗೆ ಬಂದು ತಿನ್ನುವವರೆಗೆ ಅಲ್ಲಿಂದ ಕದಲುವುದಿಲ್ಲ.

ಕೋಪರಿಯಲ್ಲಿ ಸಂಜೆ ಹಾರ್ನಿಗೆ ಬರವಿಲ್ಲ. ಆಟೊ, ಟೆಂಪೊ, ಬೈಕು, ಎಲ್ಲವೂ ಸ್ಟೇಷನ್ನಿನ ಕಡೆ ನುಗ್ಗುತ್ತವೆ. ದೀಪ ಹಚ್ಚಿದ ಮೇಲೆ ಅಜ್ಜಿ ಖುರ್ಚಿಯಲ್ಲಿ ಕೂತು, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಬದಿಗೆ ಹಾಕುತ್ತಾರೆ. “ಇದಲ್ಲ,” ಅನ್ನುತ್ತಾರೆ. ಸ್ವಲ್ಪ ಬಿಟ್ಟು, “ಇದೂ ಅಲ್ಲ.” ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತು, ಇದು ಸಕ್ಕರೆ ಕಾಯಿಲೆಯ ಆಟೊ, ಇದು ಮದುವೆಯಾಗದ ಬುಲೆಟ್ ಎಂದು ಏನಾದರೂ ಹೇಳಿ ನಗಿಸಲು ನೋಡುತ್ತೇನೆ. ಕೆಲವೊಮ್ಮೆ ನಗುತ್ತಾರೆ.

ಮೊನ್ನೆ ಒಂದು ಸಂಜೆ ಗೇಟಿನ ಹತ್ತಿರ ಒಂದು ಸಣ್ಣ ಹಾರ್ನ್ ಕೇಳಿಸಿತು. ನಾನು ಕಾಯುತ್ತಿದ್ದೆ. ಅಜ್ಜಿ ‘ಇದಲ್ಲ’ ಅನ್ನಲಿಲ್ಲ. ಎದ್ದು ಒಳಗೆ ಹೋದರು. ಲೈಟರಿನ ಸದ್ದಾಯಿತು, ಕಾವಲಿ ಇಟ್ಟ ಸದ್ದಾಯಿತು, ಹಿಟ್ಟು ಬಿದ್ದು ಚುಂಯ್ ಎಂದಿತು.

ಕಿಟಕಿ ನನ್ನ ಬೆನ್ನ ಹಿಂದೆಯೇ ಇತ್ತು, ತಿರುಗಿದರೆ ಸಾಕಿತ್ತು. ನಾನು ತಿರುಗಲಿಲ್ಲ. ದೋಸೆಯ ವಾಸನೆ ಹೊರಗಿನ ಬಾಗಿಲಿನ ತನಕ ಹಬ್ಬಿತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಎದ್ದು ಹೋಗಿ ಅದನ್ನು ತೆಗೆದಿಟ್ಟು ಬಂದು ಕೂತೆ.